ಸೊಪ್ಪುಗಲ್ಲಿನ ಮೇಲೆ ಉಳಿದ ಒಂದು ಕಡ್ಡಿ

ನಾನು ನಿಂತಿದ್ದದ್ದು ಬೋಳುಬೋರೆ ಎಂಬ ಗುಡ್ಡದ ಬುಡದಲ್ಲಿ, ಸೊಪ್ಪುಗಲ್ಲಿಗೆ ಮೂರು ಮಾರು ಪೂರ್ವಕ್ಕೆ. ಎಡಗೈ ಸೈಕಲ್ಲಿನ ಹ್ಯಾಂಡಲ್ ಮೇಲಿತ್ತು, ಬಲಗೈ ಖಾಲಿಯಿತ್ತು. ಎರಡು ಸಾವಿರದ ಆರನೆಯ ಇಸವಿ, ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ. ಇಷ್ಟು ಕರಾರುವಾಕ್ಕಾಗಿ ಬರೆಯುವುದಕ್ಕೆ ಕಾರಣವಿದೆ. ಅವತ್ತಿನಿಂದ ಇವತ್ತಿನವರೆಗೆ ತಾಳವಾಡಿಯ ಸಂತೆಯಲ್ಲಿ, ಪಣಕಹಳ್ಳಿಯ ಟೀ ಅಂಗಡಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ಬಗ್ಗೆ ಓಡಾಡುತ್ತಿರುವ ಕಥೆಯಲ್ಲಿ ಒಂದು ಅಂಕಿಯೂ ಸರಿಯಿಲ್ಲ. ನಲವತ್ತು ಜನ ಹುಡುಕಿದರು ಅನ್ನುತ್ತಾರೆ, ಇಪ್ಪತ್ತಮೂರು ಜನ. ಮಧ್ಯರಾತ್ರಿಯ ತನಕ ಹುಡುಕಿದರು ಅನ್ನುತ್ತಾರೆ. ಹೊತ್ತು ಮುಳುಗುವುದರೊಳಗೆ ಎಲ್ಲರೂ ಕೆಳಗಿದ್ದರು. ಮೇಷ್ಟ್ರು ಮರೆತರು ಅನ್ನುತ್ತಾರೆ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಅದನ್ನು ತಿದ್ದುವುದಕ್ಕೇ ಕೂತಿದ್ದೇನೆ.

ಮೊದಲು ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ಭಾನುವಾರ ಬಂತೆಂದರೆ ನಾನು ಸೈಕಲ್ ತೆಗೆದುಕೊಂಡು ಯಾವುದಾದರೂ ಒಂದು ಗುಡ್ಡಕ್ಕೆ ಹೋಗುತ್ತೇನೆ. ತುಳಿಯಬಹುದಾದಷ್ಟು ದೂರ ತುಳಿಯುತ್ತೇನೆ, ಆಮೇಲೆ ತಳ್ಳುತ್ತೇನೆ, ಆಮೇಲೆ ಹೊರುತ್ತೇನೆ. ನೆತ್ತಿಯ ಮೇಲೆ ಮರವಿಲ್ಲದ, ಮೊಣಕಾಲುದ್ದ ಹುಲ್ಲು ಮಾತ್ರ ಇರುವ ಬೋರೆಗಳೆಂದರೆ ನನಗೆ ಆಸೆ. ಅಲ್ಲಿ ಸೈಕಲ್ ಹತ್ತಿ ಒಂದು ಐವತ್ತು ಅಡಿ ತುಳಿದರೆ, ಎರಡು ಕಡೆಯೂ ಭೂಮಿ ಕೆಳಗೆ ಜಾರಿಹೋಗಿ ಗಾಳಿಯ ಮೇಲೆಯೇ ಸೈಕಲ್ ಹೊಡೆದಂತೆ ಆಗುತ್ತದೆ. ಹೊರಟ ಹೊತ್ತು, ತಲುಪಿದ ಹೊತ್ತು, ಗಾಳಿಯ ದಿಕ್ಕು ಎಲ್ಲವನ್ನೂ ಜೇಬಿನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಇದರಲ್ಲಿ ಯಾರಿಗೂ ತೊಂದರೆಯಿಲ್ಲ ಎಂದು ನಾನು ತಿಳಿದಿದ್ದೆ. ಆದರೆ ನಮ್ಮ ಸೀಮೆಯಲ್ಲಿ ಸುಮ್ಮನೆ ಗುಡ್ಡ ಹತ್ತುವವನನ್ನು ಜನ ಕ್ಷಮಿಸುವುದಿಲ್ಲ. ಸೌದೆಗೆ ಹತ್ತಬಹುದು, ಜೇನಿಗೆ ಹತ್ತಬಹುದು, ದೇವರಿಗೆ ಹತ್ತಬಹುದು. ಸುಮ್ಮನೆ ಹತ್ತಿದೆ ಎಂದರೆ ಎದುರಿನವರು ನನ್ನ ಮುಖವನ್ನೂ ಸೈಕಲ್ಲನ್ನೂ ಒಂದಾದ ಮೇಲೊಂದು ನೋಡಿ, ಮೇಕೆ ತಪ್ಪಿಸಿಕೊಂಡಿತೇ ಎಂದು ಕನಿಕರದಿಂದ ಕೇಳುತ್ತಾರೆ. ಹನ್ನೊಂದು ವರ್ಷ ಈ ಪ್ರಶ್ನೆಗೆ ಇಲ್ಲ ಎಂದು ಉತ್ತರ ಕೊಟ್ಟಿದ್ದೇನೆ. ಹೌದು ಅಂದುಬಿಡಿ, ಒಂದು ಮೇಕೆಯಿಂದ ನಿಮ್ಮ ಮಾನ ಉಳಿಯುತ್ತದೆ ಎಂದು ನನ್ನ ಹೆಂಡತಿ ಹೇಳಿದ್ದಳು. ನಾನು ಒಪ್ಪಲಿಲ್ಲ. ಇಲ್ಲದ ಮೇಕೆಯನ್ನು ಇದೆ ಅನ್ನುವುದು ನನ್ನ ಜಾಯಮಾನವಲ್ಲ.

ಈ ಜಾಯಮಾನಕ್ಕೆ ಊರಿನಲ್ಲಿ ಒಂದು ಬೆಲೆಯೂ ಇತ್ತು. ಮದುವೆ ಮಾತುಕತೆಯಿರಲಿ, ಬದುವಿನ ಜಗಳವಿರಲಿ, ಕಾಗದಕ್ಕೆ ಸಾಕ್ಷಿ ಬೇಕೆಂದರೆ ಕನ್ನಡ ಶಾಲೆಯ ಮೇಷ್ಟ್ರನ್ನು ಕರೆಯಿರಿ ಅನ್ನುತ್ತಿದ್ದರು. ಮೇಷ್ಟ್ರು ಕಂಡೆ ಅಂದರೆ ಕಂಡ ಹಾಗೆ. ಗೆಟ್ಟವಾಡಿಯಿಂದ ಕೂಡ ನನ್ನ ರುಜುವಿಗಾಗಿ ಬರುತ್ತಿದ್ದರು. ನನಗೆ ಇದ್ದ ಆಸ್ತಿ ಅದೊಂದೇ.

ಇನ್ನು ಸೊಪ್ಪುಗಲ್ಲು. ಬೋಳುಬೋರೆಯ ದಾರಿ ಶುರುವಾಗುವಲ್ಲಿ ಒಂದು ಚಪ್ಪಟೆ ಬಂಡೆಯಿದೆ. ಮೇಲೆ ಹೋಗುವ ಪ್ರತಿಯೊಬ್ಬರೂ ಪಕ್ಕದಲ್ಲಿರುವ ಬಂದರೆ ಎಂಬ ಕುರುಚಲು ಗಿಡದಿಂದ ಒಂದು ಎಲೆಯಿರುವ ಕಡ್ಡಿ ಮುರಿದು ಬಂಡೆಯ ಮೇಲಿಟ್ಟು, ಹಾರದಂತೆ ಒಂದು ಕಲ್ಲು ಹೇರಬೇಕು. ಇಳಿದು ಬಂದಾಗ ತಮ್ಮ ಕಡ್ಡಿಯನ್ನು ತೆಗೆದು ಎಸೆಯಬೇಕು. ಹೊತ್ತು ಇಳಿಯುವಾಗ ಯಾರಾದರೂ ಬಂದು ನೋಡುತ್ತಾರೆ. ಕಡ್ಡಿ ಉಳಿದಿದೆ ಎಂದರೆ ಒಂದು ಜೀವ ಮೇಲೆ ಉಳಿದಿದೆ ಎಂದರ್ಥ. ಕಾಲು ಮುರಿದಿರಬಹುದು, ಆನೆ ಅಡ್ಡ ನಿಂತಿರಬಹುದು. ಯಾರ ಕಡ್ಡಿ ಎಂದು ಯಾರೂ ಕೇಳುವುದಿಲ್ಲ. ಕತ್ತಲಾಗುವುದರೊಳಗೆ ಹೋಗಿ ಕರೆತರುತ್ತಾರೆ. ಗುಡ್ಡದ ಜನ ಮಾಡಿದ ಈ ಪದ್ಧತಿಯನ್ನು ಕೆಳಗಿನ ಹಳ್ಳಿಗಳ ಕೂಲಿಯವರೂ ತಪ್ಪದೆ ನಡೆಸುತ್ತಾರೆ. ಸೊಪ್ಪು ಮರೆತು ಊರನ್ನು ಓಡಾಡಿಸಿದವನಿಗೆ ಶಿಕ್ಷೆಯೂ ಇದೆ. ಅವನ ಹೆಸರನ್ನು ಬೋರೆ ಹಿಡಿದುಕೊಂಡಿರುತ್ತದಂತೆ. ಅವನು ಮತ್ತೆ ನೆತ್ತಿಗೆ ಹೋಗಿ ತನ್ನ ಹೆಸರನ್ನು ಮೂರು ಸಲ ಕೂಗಿ ಬಿಡಿಸಿಕೊಂಡು ಬರಬೇಕು.

ಆ ಭಾನುವಾರ ಬೆಳಿಗ್ಗೆ ಏಳು ಹತ್ತಕ್ಕೆ ನಾನು ನನ್ನ ಸೊಪ್ಪು ಇಟ್ಟೆ. ಆಗ ಜಡೆಯ ಅಲ್ಲಿದ್ದ. ಆ ಬಂಡೆಯ ಉಸ್ತುವಾರಿ ನೋಡುತ್ತಿದ್ದ ಗುಡ್ಡದ ಮುದುಕ ಅವನು. ನನ್ನನ್ನು ನೋಡಿ, ಸೈಕಲ್ಲನ್ನು ನೋಡಿ, ನಗದೆ ಹೇಳಿದ: "ಅದ್ಕೂ ಒಂದ್ ಮಡಗಿ ಮೇಷ್ಟ್ರೆ. ಅದೂ ಗಾಳಿ ಕುಡುದದಲ್ಲ." ಹೇಳಿ ಮಚ್ಚು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅದು ತಮಾಷೆ ಎಂದು ಈಗ ಎಲ್ಲರೂ ಹೇಳುತ್ತಾರೆ. ತಮಾಷೆ ಮಾಡುವವನು ನಗಬೇಡವೇ? ಬಂಡೆಯ ಉಸ್ತುವಾರಿಯವನೇ ನೇರ ಮುಖದಿಂದ ಹೇಳಿದ್ದನ್ನು ನಾನು ಹೇಗೆ ತೆಗೆದುಕೊಳ್ಳಬೇಕಿತ್ತು? ನಾನು ಎರಡನೆಯ ಕಡ್ಡಿ ಮುರಿದು, ಮೊದಲನೆಯದರ ಪಕ್ಕದಲ್ಲಿಟ್ಟು, ಕಲ್ಲು ಹೇರಿ, ಪುಸ್ತಕದಲ್ಲಿ 'ಸೊಪ್ಪು: ಎರಡು' ಎಂದು ಬರೆದುಕೊಂಡೆ.

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಇಳಿದೆ. ಹಿಂದಿನ ಟೈರು ಮುಳ್ಳು ಹೊಕ್ಕು ಪಂಕ್ಚರ್ ಆಗಿತ್ತು. ಬಾಯಾರಿತ್ತು. ಒಂದು ಕಡ್ಡಿ ತೆಗೆದು ಎಸೆದೆ, ಮನೆಗೆ ಹೋದೆ, ಉಂಡೆ, ಮಲಗಿದೆ. ಇಲ್ಲಿಯವರೆಗೆ ಆದದ್ದನ್ನು ಮರೆವು ಎಂದು ಕರೆಯುವುದಾದರೆ ಕರೆಯಲಿ, ನನ್ನ ತಕರಾರಿಲ್ಲ.

ಸಂಜೆ ಪಂಕ್ಚರ್ ಹಾಕಿಸಲು ಪಣಕಹಳ್ಳಿಗೆ ಹೋದಾಗ ಅಂಗಡಿ ಮುಚ್ಚಿತ್ತು. ಎಲ್ಲಿ ಹೋದರು ಎಂದರೆ, ಬೋರೆಯ ಮೇಲೆ ಯಾರೋ ಉಳಿದುಬಿಟ್ಟಿದ್ದಾರೆ, ಎಲ್ಲ ಹುಡುಕಲು ಹೋಗಿದ್ದಾರೆ ಅಂದರು. ಯಾರೋ ಪಾಪದವನು, ಕಾಲು ಮುರಿದುಕೊಂಡು ಬಿದ್ದಿದ್ದಾನೆ. ನಾನು ಬೆಳಗಿನಿಂದ ಮಧ್ಯಾಹ್ನದ ತನಕ ಅಲ್ಲಿದ್ದೆನಲ್ಲ, ನನ್ನ ಮಾತಿನಿಂದ ಪ್ರಯೋಜನವಾದೀತು ಎಂದುಕೊಂಡು ಗಾಳಿಯಿಲ್ಲದ ಸೈಕಲ್ಲನ್ನು ತಳ್ಳಿಕೊಂಡೇ ಓಡಿದೆ. ಬುಡದಲ್ಲಿ ಕೂಲಿಯ ನಂಜಯ್ಯ ನಿಂತಿದ್ದ. ಹುಡುಕಲು ಜನ ಕಟ್ಟಿದವನು ಅವನೇ. ಅವನಿಗೆ ನಾನು ಗಂಭೀರವಾಗಿ ಹೇಳಿಕೆ ಕೊಟ್ಟೆ. ಎಂಟೂ ಮುಕ್ಕಾಲಿನಿಂದ ಹನ್ನೆರಡರವರೆಗೆ ನೆತ್ತಿಯಲ್ಲಿದ್ದೆ, ನಾನೊಬ್ಬನೇ ಇದ್ದೆ, ಬೇರೆ ಯಾರನ್ನೂ ಕಾಣಲಿಲ್ಲ. ಹಾಗಾದರೆ ನೆತ್ತಿಯಲ್ಲಲ್ಲ, ಹಳ್ಳದ ಕಡೆ ಬಿದ್ದಿರಬೇಕು ಎಂದು ನಂಜಯ್ಯ ಲೆಕ್ಕ ಹಾಕಿದ. ಮೇಷ್ಟ್ರ ಮಾತು ಎಂದು ಮೇಲಿದ್ದವರಿಗೆ ಕೂಗಿ ಹೇಳಿ, ಇಪ್ಪತ್ತೆರಡು ಜನರನ್ನೂ ಲಾಂಟಾನ ಮುಳ್ಳಿನ ಹಳ್ಳಕ್ಕೆ ಇಳಿಸಿ, ತಾನೂ ಹೋದ.

ಆಗ ನಾನು ಬಂಡೆಯ ಕಡೆ ತಿರುಗಿದೆ. ಐದೂ ನಲವತ್ತು. ಬಂಡೆಯ ಮೇಲೆ ಒಂದು ಕಡ್ಡಿ, ಅದರ ಮೇಲೆ ನಾನೇ ಆರಿಸಿ ಹೇರಿದ್ದ ಬಿಳಿ ಕಲ್ಲು. ಅವರು ಹಳ್ಳದಲ್ಲಿ ಹುಡುಕುತ್ತಿದ್ದ ಜೀವ ನನ್ನ ಎಡಗೈಗೆ ಒರಗಿಕೊಂಡು ನಿಂತಿತ್ತು.

ಕೂಗಿ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಇಪ್ಪತ್ತು ವರ್ಷದ ನನ್ನ ರುಜುಗಳೆಲ್ಲ ಕಣ್ಣ ಮುಂದೆ ಬಂದವು. ಬಾಯಿ ಮುಚ್ಚಿದೆ. ಸುತ್ತ ನೋಡಿದೆ. ಸ್ವಲ್ಪ ಮೇಲೆ, ಮೇಕೆ ಮೇಯಿಸುವ ಕೇತಮ್ಮ ಬೆನ್ನು ಮಾಡಿ ಕೂತಿದ್ದಳು. ನಾನು ಕಲ್ಲನ್ನು ಸರಿಸಿ, ಕಡ್ಡಿಯನ್ನು ತೆಗೆದು, ಅಂಗಿಯ ಜೇಬಿಗೆ, ಪುಸ್ತಕದ ಪಕ್ಕಕ್ಕೆ ಇಳಿಸಿದೆ. ಇದು ಮರೆವಲ್ಲ. ಇದನ್ನು ಮರೆವು ಎಂದು ಹೇಳಿಕೊಂಡು ತಿರುಗುವವರ ಮೇಲೆ ನನಗೆ ಸಿಟ್ಟು ಬರದೆ ಇನ್ನೇನು ಬಂದೀತು?

ಆಮೇಲೆ ನಂಜಯ್ಯನನ್ನು ಕೂಗಿ ಕರೆದೆ. ಒಬ್ಬ ಈಗ ತಾನೆ ಇಳಿದು ಬಂದ, ಸೊಪ್ಪು ತೆಗೆದು ಎಸೆದು ಹೋದ, ನಾನು ಕಣ್ಣಾರೆ ಕಂಡೆ ಅಂದೆ. ಯಾರೂ ಅದನ್ನು ಅನುಮಾನಿಸಲಿಲ್ಲ. ಇಪ್ಪತ್ತಮೂರು ಜನರೂ ಕಾಲು ಗೀಚಿಕೊಂಡು, ಪಂಚೆ ಹರಿದುಕೊಂಡು ಇಳಿದು ಬಂದರು. ಹೇಗಿದ್ದ ಎಂದು ನಂಜಯ್ಯ ಕೇಳಿದ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ವಿವರವಿಲ್ಲದೆ ಮಾತಾಡಿಯೂ ಅಭ್ಯಾಸವಿಲ್ಲ. ಸಾಧಾರಣ ಎತ್ತರ, ನೀಲಿ ಅಂಗಿ, ಸಣ್ಣ ಮೀಸೆ, ರಸ್ತೆಯ ಕಡೆಗೆ ಹೋದ ಅಂದೆ. ಹೇಳಿ ಮುಗಿಸುವುದರೊಳಗೆ ಆರೇಳು ಜನ ರಸ್ತೆಗೆ ಓಡಿದರು. ಸಾಧಾರಣ ಎತ್ತರದ, ನೀಲಿ ಅಂಗಿಯ, ಸಣ್ಣ ಮೀಸೆಯ ಮನುಷ್ಯ ಎಂಬುದು ಪ್ರಪಂಚದಲ್ಲಿ ಎಷ್ಟು ಸುಲಭವಾಗಿ ಸಿಗುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ಬಸ್ಸಿಗೆ ಕಾಯುತ್ತಿದ್ದವನನ್ನು ಹಿಡಿದೇ ತಂದರು. ಗೆಟ್ಟವಾಡಿಯ ಸಿದ್ದರಾಜು, ನೆಂಟರ ಮನೆಯಿಂದ ಅವರೆಕಾಯಿ ಚೀಲ ಹೊತ್ತು ಹೊರಟಿದ್ದವನು.

"ನಾ ಬೋರೆನೇ ಅತ್ತಿಲ್ಲ ಕಣಣ್ಣ," ಎಂದು ಅವನು ನಂಜಯ್ಯನಿಗೆ ಹೇಳುತ್ತಿದ್ದ. "ಅವ್ರೆಕಾಯಿ ಚೀಲ ಒತ್ಕಂಡು ಯಾವನ್ಲಾ ಬೋರೆ ಅತ್ತನು?"

"ಇಳಿದ್ ಮ್ಯಾಲ ಕೊಂಡ್ಕಂಡಿದ್ದಿಯ," ಎಂದ ನಂಜಯ್ಯ. ಅವನ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಈಗಲೇ ಹತ್ತಿಸಿ ಹೆಸರು ಕೂಗಿಸಬೇಕು, ಇಬ್ಬರು ಜೊತೆಗೆ ಹೋಗಿ ಎಂದು ಹಿಂದಿನವರು ಹೇಳುತ್ತಿದ್ದರು. ಆನೆ ಹಳ್ಳಕ್ಕೆ ನೀರಿಗಿಳಿಯುವ ಹೊತ್ತು. ಸಿದ್ದರಾಜು ಚೀಲವನ್ನು ಕೆಳಗಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ನನ್ನದನ್ನು.

ನಂಜಯ್ಯ ನನ್ನ ಕಡೆ ತಿರುಗಿದ. "ಇವ್ನೆಯಾ ಮೇಷ್ಟ್ರೆ? ನೀವು ಊ ಅಂದ್ರ ಸಾಕು."

ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದು ಪುಸ್ತಕದಲ್ಲಿಲ್ಲ. ನಾಲ್ಕು ಉಸಿರಿನಷ್ಟು ಇರಬಹುದು. ಬರೆಯಲು ನಾಚಿಕೆಯಾಗುತ್ತದೆ, ಅದರಲ್ಲಿ ಎರಡು ಉಸಿರಿನಷ್ಟು ಹೊತ್ತು ನಾನು 'ಹೂ' ಎನ್ನುವುದನ್ನೇ ಯೋಚಿಸುತ್ತಿದ್ದೆ.

ಇವನಲ್ಲ, ನಾನು ಕಂಡವನು ಇನ್ನೂ ಎತ್ತರವಿದ್ದ ಎಂದೆ. ಸಿದ್ದರಾಜು ನನ್ನ ಕಾಲು ಮುಟ್ಟಿ, ಚೀಲ ಹೊತ್ತು, ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿ ಓಡಿಹೋದ. ನನಗೆ ಉಸಿರು ಬಂತು. ಆದರೆ ನಂಜಯ್ಯ ಬಿಡುವವನಲ್ಲ. ಹಾಗಾದರೆ ಎತ್ತರದ ನೀಲಿ ಅಂಗಿಯವನನ್ನು ಹುಡುಕೋಣ ನಡೆಯಿರಿ ಎಂದು ಪಂಚೆ ಎತ್ತಿ ಕಟ್ಟಿದ. ಆಗ ಕೇತಮ್ಮ ಮೇಕೆಗಳ ನಡುವಿನಿಂದ ಎದ್ದು ಬಂದಳು.

"ಎಲ್ಲೂ ಓಗ್ಬ್ಯಾಡ್ರಪ್ಪ," ಎಂದಳು ನಿಧಾನವಾಗಿ. "ನೀವ್ ಉಡುಕ್ತಿರೋನು ಮೇಷ್ಟ್ರು ಜೇಬ್ಲೇ ಅವ್ನ."

ಇಪ್ಪತ್ತಮೂರು ಜನರೂ ನನ್ನ ಜೇಬನ್ನು ನೋಡಿದರು. ಬಂದರೆ ಎಲೆ ಎರಡು ಬೆರಳಿನಷ್ಟು ಹೊರಗೆ ಬಂದಿತ್ತು. ಹುಡುಕಲು ಹೋದವರಲ್ಲೇ ಇದ್ದ ಜಡೆಯ ಮುಂದೆ ಬಂದು ಅದನ್ನು ಎಳೆದು, ತಿರುಗಿಸಿ ನೋಡಿ, ಯಾರದ್ದು ಎಂದು ಕೇಳಿದ. ಸೈಕಲ್ಲಿನದು ಎಂದೆ. ಯಾರೂ ತಕ್ಷಣ ನಗಲಿಲ್ಲ. ಮೊದಲು ಜಡೆಯ ಕೂತುಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡ. ಆಮೇಲೆ ಇಡೀ ಬೋರೆ ನಕ್ಕಿತು. ಹರಿದ ಪಂಚೆಯವರೂ ನಕ್ಕರು, ರಕ್ತದ ಕಾಲಿನ ನಂಜಯ್ಯನೂ ನಕ್ಕ. ಬೈದಿದ್ದರೆ ನಾನು ಸಹಿಸುತ್ತಿದ್ದೆ. ಮುಂದಿನ ಭಾನುವಾರ ಜಡೆಯ ನನ್ನ ಜೊತೆಗೇ ನೆತ್ತಿಗೆ ಬಂದ. ಸೈಕಲ್ಲಿಗೆ ಕೂಗಲು ಹೆಸರಿಲ್ಲ, ಅದಕ್ಕೆ ನನ್ನ ಕೈಯಿಂದ ಬೆಲ್ಲನ್ನು ಮೂರು ಸಲ ಹೊಡೆಸಿದ. ಆ ದಿನ ಅವನು ನಗಲಿಲ್ಲ. ಅದು ತಮಾಷೆಯೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ.

ಈಗ ಯಾರೂ ನನ್ನನ್ನು ಸಾಕ್ಷಿಗೆ ಕರೆಯುವುದಿಲ್ಲ. ಇರಲಿ. ಆದರೆ ಕಥೆ ಹೇಳುವವರು ಸರಿಯಾಗಿ ಹೇಳಲಿ. ಪಾಪ, ವಯಸ್ಸಾಯಿತು, ಮರೆತರು ಎಂದು ನನಗೆ ಕನಿಕರ ತೋರಿಸುವುದು ಬೇಡ. ನಾನು ಮರೆತದ್ದು ಒಂದು ಕಡ್ಡಿಯನ್ನು. ಮಿಕ್ಕದ್ದೆಲ್ಲ ಎಚ್ಚರದಲ್ಲಿದ್ದೇ ಮಾಡಿದ್ದು. ಬೇಕಾದರೆ ಕಂಡವರನ್ನು ಕೇಳಬಹುದು. ಜಡೆಯ ಈಗಿಲ್ಲ. ನಂಜಯ್ಯ ಪಣಕಹಳ್ಳಿಯಲ್ಲಿದ್ದಾನೆ, ಮೊಣಕಾಲಿನ ಕಲೆ ತೋರಿಸದೆ ಮಾತು ಶುರುಮಾಡುವುದಿಲ್ಲ. ಕೇತಮ್ಮ ಇದ್ದಾಳೆ, ಆದರೆ ಅವತ್ತು ಹೇಳಿದ್ದೇ ಸಾಕೆಂದು ಮತ್ತೆ ಏನೂ ಹೇಳುವುದಿಲ್ಲ. ಸಿದ್ದರಾಜು ಗೆಟ್ಟವಾಡಿಯಲ್ಲಿ ಗಟ್ಟಿಮುಟ್ಟಾಗಿದ್ದಾನೆ. ಬಸ್ಸು ಸಿಕ್ಕಿದ್ದರಿಂದ ಆಮೇಲಿನದು ಅವನಿಗೆ ಗೊತ್ತಿಲ್ಲ, ಯಾರು ಹೇಳಿದರೂ ನಂಬುವುದಿಲ್ಲ. ಆ ಕಡೆ ಹೋದಾಗಲೆಲ್ಲ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಮಕ್ಕಳನ್ನು ಕರೆದು, ಊರೆಲ್ಲ ಒಂದು ಕಡೆ ನಿಂತರೂ ಸತ್ಯ ಬಿಡದ ಮನುಷ್ಯ ಇವರು ಎಂದು ತೋರಿಸುತ್ತಾನೆ. ಅವನಲ್ಲಿಗೆ ನಾನು ಒಂಬತ್ತು ಸಲ ಹೋಗಿದ್ದೇನೆ. ತಿದ್ದಬೇಕೆಂದೇ ಹೋಗುತ್ತೇನೆ. ಕಾಫಿ ತಂದುಕೊಡುತ್ತಾರೆ, ಕುಡಿದು ಬರುತ್ತೇನೆ.