ಬೆನ್ನಿಗೆ ಚೀಲ, ಊರಿಗೆ ಅನುಮಾನ

ದಿನಚರಿ ಬರೆಯುವವರಿಗೆ ಒಂದು ಬಗೆಯ ಸೊಕ್ಕು ತಾನಾಗಿಯೇ ಬಂದುಬಿಡುತ್ತದೆ. ನಡೆದದ್ದನ್ನು ಬರೆದು ಬರೆದು, ನಡೆಯಬೇಕಾದ್ದನ್ನೂ ಮೊದಲೇ ಬರೆದಿಟ್ಟರೆ ಅದು ಹಾಗೆಯೇ ನಡೆಯುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ನಾನು ಅರಸೀಕೆರೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಅಲ್ಲಿ ಪುಸ್ತಕಗಳಿಗೆ ನಂಬರು ಹಾಕುವ ಚಟ ನನ್ನ ಜೊತೆ ಮನೆಗೂ ಬಂದಿದೆ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಹಾಲಿನವನು ಕೈಕೊಟ್ಟ ದಿನ, ಹೆಂಡತಿ ಸುಜಾತ ನನ್ನ ಮಾತಿಗೆ ನಕ್ಕ ದಿನ, ಎಲ್ಲಕ್ಕೂ ತಾರೀಖು ಇದೆ. ಕೊನೆಯ ಪಟ್ಟಿ ಬಹಳ ಚಿಕ್ಕದು.

ಸುಜಾತ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಪ್ರತಿ ವರ್ಷ ಬೇಸಿಗೆ ರಜಕ್ಕೆ ಮುಂಚೆ ಅವಳೂ ಅವಳ ಹಳೆಯ ಸಹಪಾಠಿಗಳೂ ಸೇರಿ ಹೊನ್ನಾವರದ ಕಡೆಯಿಂದ ಗೋಕರ್ಣದವರೆಗೆ ಕಡಲಂಚಿನಲ್ಲೇ ನಡೆದು ಹೋಗುತ್ತಾರೆ. ಟೆಂಟು, ಹಾಸಿಗೆ, ಒಲೆ ಎಲ್ಲ ಬೆನ್ನ ಮೇಲೆ. ಸಂಜೆಯಾದಲ್ಲಿ ಬಿಡಾರ. ಮದುವೆಯಾಗಿ ಎರಡು ವರ್ಷ ನಾನು ಅವಳನ್ನು ಬಸ್ಸು ಹತ್ತಿಸಿ ಬಂದು, ಕಡಲ ಬಗ್ಗೆ ಅವಳು ಹೇಳಿದ್ದನ್ನು ಬರೆದುಕೊಂಡೆ. ಮೂರನೆಯ ವರ್ಷ ನಾನೂ ಬರುತ್ತೇನೆ ಎಂದೆ. ಅವಳು ನನ್ನನ್ನು ಕಾಲಿನಿಂದ ನೋಡಲು ಶುರು ಮಾಡಿ ಮೊಣಕಾಲಿನ ಹತ್ತಿರವೇ ನಿಲ್ಲಿಸಿದಳು. ಮನೆಯಿಂದ ಬಸ್ ಸ್ಟ್ಯಾಂಡಿಗೂ ನಾನು ಆಟೋದಲ್ಲಿ ಹೋಗುವವನು ಎಂಬುದು ಅವಳಿಗೆ ಗೊತ್ತು.

"ಚೀಲ ಹೊತ್ಕೊಂಡು ಇಲ್ಲಿಂದ ಬೇಲೂರಿಗೆ ನಡೀರಿ ನೋಡೋಣ. ಮಧ್ಯೆ ಎಲ್ಲೂ ಗಾಡಿ ಹತ್ತಬಾರದು. ಬೇಲೂರು ಮುಟ್ಟದೆ ಮನೆ ಕಡೆ ಮುಖ ಹಾಕಬೇಡಿ," ಎಂದಳು. ಬೇಲೂರು ಮುಟ್ಟಿದರೆ ಕಡಲು, ಇಲ್ಲದಿದ್ದರೆ ಈ ವರ್ಷವೂ ಬಸ್ ಸ್ಟ್ಯಾಂಡಿನಲ್ಲಿ ಕೈ ಬೀಸುವ ಕೆಲಸ.

ನಾನು ಮೂರು ಬಣ್ಣದ ಪೆನ್ನಿನಲ್ಲಿ ಯೋಜನೆ ಬರೆದೆ. ಹಾರನಹಳ್ಳಿ, ಜಾವಗಲ್, ಹಳೇಬೀಡು, ಬೇಲೂರು. ಎಲ್ಲಿ ನೀರು, ಎಲ್ಲಿ ನೆರಳು, ಎಲ್ಲಿ ಟೆಂಟು, ಕಾಲಿಗೆ ಬೊಬ್ಬೆ ಬರಬಹುದಾದ ಜಾಗ ಯಾವುದು, ಎಲ್ಲ ಇತ್ತು. ಒಂದೇ ಒಂದು ಸಂಗತಿ ಬರೆದಿರಲಿಲ್ಲ. ನಮ್ಮ ಸೀಮೆಯಲ್ಲಿ ಮನುಷ್ಯನನ್ನು ನಡೆಯಲು ಬಿಡುವುದಿಲ್ಲ. ದನ ನಡೆಯಬಹುದು, ಕುರಿ ನಡೆಯಬಹುದು. ಪ್ಯಾಂಟು ಹಾಕಿಕೊಂಡವನು ಬೆನ್ನಿಗೆ ಗಂಟು ಕಟ್ಟಿಕೊಂಡು ಟಾರು ರಸ್ತೆಯಲ್ಲಿ ನಡೆದರೆ, ಅದನ್ನು ನೋಡಿಕೊಂಡು ಮುಂದೆ ಹೋಗುವುದು ಅಮಾನವೀಯ ಎಂದೇ ಜನ ತಿಳಿದಿದ್ದಾರೆ.

ಊರು ದಾಟಿ ಇನ್ನೂ ಬೆವರು ಬಂದಿರಲಿಲ್ಲ, ಒಂದು ಮೊಪೆಡ್ಡು ಪಕ್ಕಕ್ಕೆ ಬಂದು ನಿಂತಿತು. ಕೊಬ್ಬರಿ ವ್ಯಾಪಾರದ ಮನುಷ್ಯ, ಮುಂದೆ ಖಾಲಿ ಚೀಲಗಳನ್ನು ಇಟ್ಟುಕೊಂಡಿದ್ದರು. ಮುಖಪರಿಚಯ ಇತ್ತು, ಹೆಸರು ಗೊತ್ತಿರಲಿಲ್ಲ.

"ಯಾಕ್ ಸಾರ್ ನಡ್ಕಂಡ್ ಹೊಂಟಿದೀರ? ಹತ್ಕಳಿ."

ಬೇಡ ಎಂದೆ. ಬಸ್ಸು ತಪ್ಪಿತಾ ಎಂದರು. ಇಲ್ಲ ಎಂದೆ. ಹರಕೆಯಾ ಎಂದರು. ಅದೂ ಅಲ್ಲ ಎಂದೆ. ಕಡಲ ತೀರದಲ್ಲಿ ನಡೆಯುವುದಕ್ಕೆ ಅಭ್ಯಾಸ ಎಂದು ನಿಜವನ್ನೇ ಹೇಳಿದೆ. ಅವರು ಆ ಕಡೆ ಈ ಕಡೆ ನೋಡಿದರು. ಕಣ್ಣು ಹಾಯುವಷ್ಟು ದೂರ ತೆಂಗಿನ ತೋಟ, ರಾಗಿ ಕೊಯ್ದ ಹೊಲ. ಕಡಲು ಎಲ್ಲೂ ಕಾಣದೆ ಅವರ ಮುಖದಲ್ಲಿ ಮರುಕ ಮೂಡಿತು. ಆಗ ನನಗೆ ಹಾಸ್ಯ ಮಾಡುವ ಬುದ್ಧಿ ಬಂತು. "ಬೇಲೂರು ಮುಟ್ಟೋವರೆಗೂ ಮನೆಗೆ ಬರಬೇಡಿ ಅಂದಿದ್ದಾಳೆ ಕಣಣ್ಣ ನನ್ ಹೆಂಡ್ತಿ," ಎಂದು ನಕ್ಕೆ. ಅವರು ನಗಲಿಲ್ಲ. ಯಾರ ಮನೆಯವರು, ಹೆಂಡತಿಯ ತಾಯಿಯ ಕಡೆ ಯಾವ ಊರು ಎಂದು ಮೆತ್ತಗೆ ವಿಚಾರಿಸಿದರು. ಜಾವಗಲ್ ಎಂದೆ. "ಒಳ್ಳೇದಾಗ್ಲಿ ಸಾರ್," ಎಂದು ಹೊರಟವರು ಸ್ವಲ್ಪ ಮುಂದೆ ನಿಂತು ಫೋನು ತೆಗೆದದ್ದು ಕಂಡಿತು. ಕೊಬ್ಬರಿ ರೇಟು ಕೇಳುತ್ತಿರಬೇಕು ಎಂದುಕೊಂಡೆ.

ಹಾರನಹಳ್ಳಿ ದಾಟುವಷ್ಟರಲ್ಲಿ ಇಂಥ ಹದಿನಾಲ್ಕು ಗಾಡಿಗಳು ನಿಂತಿದ್ದವು. ದಿನಚರಿಯಲ್ಲಿ ಹನ್ನೊಂದು ಗೆರೆ ಎಳೆದು ಮೂರನ್ನು ಆಮೇಲೆ ನೆನಪಿನಿಂದ ಸೇರಿಸಿದೆ. ಸಂಜೆ ಒಂದು ತೆಂಗಿನ ತೋಟದಲ್ಲಿ ಟೆಂಟು ಬಿಚ್ಚಿದೆ. ತೋಟದ ಯಜಮಾನರು ಬಂದು, ನಿದ್ದೆಯಲ್ಲಿ ತಲೆಯ ಮೇಲೆ ಕಾಯಿ ಬಿದ್ದರೆ ಜವಾಬ್ದಾರಿ ಯಾರದು ಎಂದು ಕೇಳಿ, ಟೆಂಟನ್ನು ತಾವೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದರು. ನಾನು ಟೆಂಟಿನ ಹಿಂದೆ ನಡೆದು ಅವರ ಜಗಲಿಯಲ್ಲಿ ಮಲಗಿದೆ. ಊಟ ಬಡಿಸುತ್ತಾ ಮನೆಯಾಕೆ, ಹೆಂಗಸರು ಕೋಪದಲ್ಲಿ ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದರು. ಈ ಬುದ್ಧಿಮಾತು ಯಾಕೆ ಬಂತೆಂದು ತಿಳಿಯದಿದ್ದರೂ ಬರೆದುಕೊಂಡೆ.

ಮರುದಿನ ಮಧ್ಯಾಹ್ನ ಜಾವಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸುಜಾತಳ ಸೋದರಮಾವ ಮಲ್ಲಣ್ಣನವರು ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ನನ್ನನ್ನು ಕಂಡವರೇ ಬೆನ್ನಿನಿಂದ ಚೀಲ ಇಳಿಸಿಕೊಂಡರು. ಮನೆಯಲ್ಲಿ ಮುದ್ದೆ, ಅವರೇಕಾಳಿನ ಸಾರು ಸಿದ್ಧವಾಗಿತ್ತು. ಇದು ಬರೀ ಅಭ್ಯಾಸ ಎಂದು ಎರಡು ಸಲ ವಿವರಿಸಿದೆ.

"ಇರ್ಲಿ ಬಿಡಿ ಅಳಿಯಂದ್ರೆ, ನಾಚ್ಕೊಬೇಡಿ," ಎಂದರು ಮಾವ. "ಮದ್ವೆಯಾದ ಹೊಸದ್ರಲ್ಲಿ ನಾನೂ ಒಂದ್ಸಲ ಇಂಗೇ ಅಭ್ಯಾಸ ಮಾಡೀನಿ. ಹಳೇಬೀಡು ದಾಟಿ ಹಗರೆಗಂಟ ನಡ್ಕಂಡ್ ಹೋಗಿದ್ದೆ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಹಗರೆಗಲ್ಲ, ಹಳೇಬೀಡಿಗೆ. ಅಲ್ಲಿ ಹೊಟ್ಟೆ ಹಸೀತು, ಬಸ್ ಹತ್ಕಂಡ್ ಬಂದ್ರು."

ಆಗ ಗೊತ್ತಾಯಿತು, ನಾನು ಹೆಂಡತಿಯ ಜೊತೆ ಜಗಳವಾಡಿ ಮನೆ ಬಿಟ್ಟು ಬಂದ ಗಂಡ. ಮೊಪೆಡ್ಡಿನವರ ಫೋನು ನನಗಿಂತ ಒಂದು ದಿನ ಮೊದಲೇ ಜಾವಗಲ್ ತಲುಪಿತ್ತು. ಮಾವ ಆಗಲೇ ಸುಜಾತಳಿಗೂ ಬರಹೇಳಿದ್ದರು. ಸಂಜೆ ಸ್ಕೂಟರಿನಲ್ಲಿ ಬಂದ ಅವಳನ್ನು ಚಾಪೆಯ ಆ ತುದಿಗೆ, ನನ್ನನ್ನು ಈ ತುದಿಗೆ ಕೂರಿಸಿದರು. ಅವಳು ಒಂದೇ ಮಾತಿನಲ್ಲಿ ಎಲ್ಲ ಬಿಡಿಸಿ ಹೇಳಬಹುದಿತ್ತು. ಬಾಯಿ ತೆರೆಯುವ ಮುಂಚೆ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟ ನನಗೆ ಗೊತ್ತು. ಮಕ್ಕಳು ಸಾಲು ತಪ್ಪಿದಾಗ ಸೀಟಿ ಊದುವುದಕ್ಕೆ ಮುಂಚೆ ಅವಳು ನೋಡುವ ನೋಟ ಅದು.

"ನೀವೇ ಹೇಳಿ ಮಾವ. ಚಿತ್ರಾನ್ನ ಹೇಗಿದೆ ಅಂದ್ರೆ ಹೋದ ತಿಂಗಳಿನ ಪುಟ ತೆಗೆದು, ಅವತ್ತಿನಷ್ಟು ಚೆನ್ನಾಗಿಲ್ಲ ಅಂತಾರೆ."

ಮಾವ ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ಹೊತ್ತೂ ನನಗಿದ್ದ ಅನುಕಂಪ ಚಾಪೆಯ ಆ ತುದಿಗೆ ಹೋಗಿಬಿಟ್ಟದ್ದು ಕಂಡಿತು. ಆಡದೇ ಇದ್ದ ಜಗಳಕ್ಕೆ ತೀರ್ಪಾಯಿತು. ಊಟದ ಹೊತ್ತಿನಲ್ಲಿ ಪೆನ್ನು ಮುಟ್ಟಕೂಡದು. ನಾನು ಒಪ್ಪಿದೆ. ಬೆಳಿಗ್ಗೆಯೇ ಬೇಲೂರಿನ ದಾರಿ ಹಿಡಿಯುತ್ತೇನೆ ಎಂದದ್ದನ್ನು ಮಾತ್ರ ಯಾರೂ ಒಪ್ಪಲಿಲ್ಲ. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು, ನನ್ನನ್ನೂ ಚೀಲವನ್ನೂ ಒಂದು ಮೂಟೆ ತೆಂಗಿನಕಾಯಿಯನ್ನೂ ಕಾರಿನಲ್ಲಿ ಹಾಕಿ, ಸ್ಕೂಟರಿನ ಹಿಂದೆಯೇ ಅರಸೀಕೆರೆಗೆ ತಂದು ಇಳಿಸಿದರು.

ಬೇಲೂರು ಮುಟ್ಟಲಿಲ್ಲ. ನಿಯಮ ನಿಯಮವೇ ಎಂದಳು ಸುಜಾತ. ವಾರವಿಡೀ ಬೇಡಿಕೊಂಡರೂ ಕರಗಲಿಲ್ಲ. ಕರಗಿಸಿದ್ದು ಪಕ್ಕದ ಮನೆಯ ಅಜ್ಜಿ. ಸುಜಾತ ತನ್ನ ಚೀಲವನ್ನು ಕೊಡವಿ ಬಿಸಿಲಿಗೆ ಹಾಕುತ್ತಿದ್ದಾಗ ಅಜ್ಜಿ ಕಾಂಪೌಂಡಿನ ಮೇಲಿಂದ ಬಗ್ಗಿ, "ಈಗ ನೀನು ಹೊಂಟ್ಯೇನವ್ವಾ?" ಎಂದರು. ಕಣ್ಣಲ್ಲಿ ನೀರಿತ್ತು. ಸುಜಾತ ಒಳಗೆ ಬಂದಳು. ಅವಳೊಬ್ಬಳೇ ಹೊರಟರೆ ಜಾವಗಲ್ಲಿನಲ್ಲಿ ಎರಡನೆಯ ಸಲ ಚಾಪೆ ಹಾಸುವುದು ಖಂಡಿತ. "ನಿಮ್ಮ ಚೀಲಾನೂ ಬಿಸಿಲಿಗೆ ಹಾಕಿ," ಎಂದಳು. ಹೀಗೆ ಕಾಲಿನ ಬಲದಿಂದ ಸಿಗದ ಕಡಲು ಹೆಂಡತಿಯ ಮರ್ಯಾದೆಯ ಬಲದಿಂದ ಸಿಕ್ಕಿತು.

ಕಡಲನ್ನು ಬಣ್ಣಿಸುವುದಿಲ್ಲ. ಮರಳಿನಲ್ಲಿ ನಡೆಯುವುದೆಂದರೆ ಎರಡು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಒಳಗೆ. ಮಿಕ್ಕವರು ಚುಕ್ಕಿಗಳಾಗಿ ಮುಂದೆ ಕಾಣುತ್ತಿದ್ದರು, ನಾನು ಅವರ ಹೆಜ್ಜೆಗುರುತಿನಲ್ಲಿ ಬರುತ್ತಿದ್ದೆ. ಹೊಳೆ ಕಡಲು ಸೇರುವ ಕಡೆ ದೋಣಿ ಹತ್ತಬೇಕಾದಾಗ ಮಾತ್ರ ಎಲ್ಲರಿಗಿಂತ ಮೊದಲು ಹತ್ತಿದೆ. ಎರಡನೆಯ ಸಂಜೆ, ಟೆಂಟಿಗೆ ಜಾಗ ನಾನೇ ಆರಿಸುತ್ತೇನೆ ಎಂದು ಹಟ ಹಿಡಿದೆ. ಸಮತಟ್ಟಾದ, ಗಟ್ಟಿಯಾದ, ಚೂರು ಒದ್ದೆಯಾದ ಮರಳು. ಗೂಟ ಚೆನ್ನಾಗಿ ಕೂರುತ್ತದೆ. ಇಲ್ಲಿಗೆ ನೀರು ಬರುತ್ತದೆ, ಇನ್ನೂ ಮೇಲೆ ಹೋಗೋಣ ಎಂದಳು ಸುಜಾತ. ನಾನು ಕೆರೆಯ ಊರಿನವನು. ಮಳೆ ಬಂದರೆ ನೀರು ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ, ಒದ್ದೆಯಿದ್ದರೆ ಈಗಷ್ಟೇ ಇಳಿದಿದೆ ಎಂದರ್ಥ. "ಆಕಾಶ ನೋಡೇ, ಒಂದು ಮೋಡ ಇಲ್ಲ. ನೀರು ಎಲ್ಲಿಂದ ಏರತ್ತೆ?" ಎಂದು ಗೂಟ ಹೊಡೆದೆ.

ಸೂರ್ಯ ಮುಳುಗುವ ಹೊತ್ತಿಗೆ ಕಡಲು ಟೆಂಟಿನ ಒಳಗಿತ್ತು. ಅವಳ ಹೊದಿಕೆ, ನಾಳೆಯ ಅವಲಕ್ಕಿ, ನನ್ನ ದಿನಚರಿ, ಎಲ್ಲ ತೇಲಿದವು. ಅವಳು ಗೂಟ ಕೀಳುತ್ತಾ, "ನಿಮ್ಮನ್ನ ಜಾವಗಲ್ ಚಾಪೆ ಮೇಲೇ ಬಿಟ್ಟು ಬರಬೇಕಿತ್ತು," ಎಂದಳು. ದನಿಯಲ್ಲಿ ತಮಾಷೆ ಇರಲಿಲ್ಲ. ನನಗೂ ಸಿಟ್ಟು ಬಂತು. ನೀರು ಸೋರುವ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹೊರಟೇಬಿಟ್ಟೆ. ಈ ಸಲದ್ದು ನಿಜವಾದ ಜಗಳ.

ಬಲೆ ಸರಿಮಾಡುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿ ಮತ್ತೆ ಬಲೆಗೆ ಬಗ್ಗಿದರು. ಮೀನಿನ ಬುಟ್ಟಿ ಹೊತ್ತ ಹೆಂಗಸರು ನನ್ನನ್ನು ದಾಟಿಕೊಂಡು ಹೋದರು. ಪಕ್ಕದ ರಸ್ತೆಯಲ್ಲಿ ಒಂದು ಬೈಕು ಬಂತು. ನಾನೇ ನಡಿಗೆ ನಿಧಾನ ಮಾಡಿದೆ. ಅದು ನಿಲ್ಲಲಿಲ್ಲ. ಚೀಲ ಇಳಿಸಿ ಕೂತು, ಸಾಕಷ್ಟು ಕೇಳಿಸುವ ಹಾಗೆ ನಿಟ್ಟುಸಿರು ಬಿಟ್ಟೆ. ಒಂದು ನಾಯಿ ಬಂದು ಚೀಲ ಮೂಸಿ ಹೋಯಿತು. ಯಾಕೆ, ಏನಾಯಿತು, ಮನೆಯಲ್ಲಿ ಏನಾದರೂ ಮಾತು ಬಂತೇ ಎಂದು ಕೇಳುವ ಒಂದು ಪ್ರಾಣಿ ಆ ಉದ್ದನೆಯ ದಡದಲ್ಲಿ ಇರಲಿಲ್ಲ. ನೋಡುವವರಿಲ್ಲದ ಕೋಪ ಹೆಚ್ಚು ದೂರ ನಡೆಯುವುದಿಲ್ಲ. ಎದ್ದು ನಾನೇ ವಾಪಸು ಬಂದೆ.

ಸುಜಾತ ಗಾಳಿಮರಗಳ ಕೆಳಗೆ ಮತ್ತೆ ಟೆಂಟು ಕಟ್ಟಿ, ಒಲೆಯ ಮುಂದೆ ನನ್ನ ದಿನಚರಿಯ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸುತ್ತಿದ್ದಳು. "ಎಷ್ಟು ದೂರ ಹೋಗಿದ್ರಿ?" ಎಂದಳು. ಅಳೆದಿಲ್ಲ ಎಂದೆ. ಅವಳು ನಕ್ಕುಬಿಟ್ಟಳು. ಪುಸ್ತಕ ಒದ್ದೆಯಿದ್ದದ್ದರಿಂದ ಆ ನಗುವಿಗೆ ತಾರೀಖು ಹಾಕಲಾಗಲಿಲ್ಲ.

ಗೋಕರ್ಣ ಮುಟ್ಟಿ, ಹುಬ್ಬಳ್ಳಿಯಿಂದ ರೈಲು ಹಿಡಿದು ಒಂದು ಬೆಳಿಗ್ಗೆ ಅರಸೀಕೆರೆಯಲ್ಲಿ ಇಳಿದೆವು. ಆಟೋ ಬೇಡ, ನಡೆದೇ ಹೋಗೋಣ ಎಂದಳು ಸುಜಾತ. ನಾನೂ ಧೈರ್ಯವಾಗಿ ಹೂಂ ಎಂದೆ. ಸ್ಟೇಷನ್ನಿನ ಹೊರಗೆ ಬರುತ್ತಿದ್ದ ಹಾಗೆ ಅದೇ ಮೊಪೆಡ್ಡು, ಅದೇ ಕೊಬ್ಬರಿ ವ್ಯಾಪಾರದ ಮನುಷ್ಯ. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಅವರ ಮುಖ ಅರಳಿತು.

"ರಾಜಿ ಆಯ್ತಾ ಸಾರ್?"

ಕಡಲು, ಅಭ್ಯಾಸ, ನಿಯಮ ಎಲ್ಲ ವಿವರಿಸಬಹುದಿತ್ತು. "ಆಯ್ತು ಕಣಣ್ಣ," ಎಂದೆ. ಕೇಳುವವರು ಸಿಕ್ಕರಲ್ಲ ಎಂದು ಕಣ್ಣು ತುಂಬಿ ಬಂತು.

"ಅಂಗಾರೆ ಹತ್ಕಳಿ, ಮನೆಗಂಟ ಬಿಡ್ತೀನಿ."

ಅವರ ಮಾತು ಮುಗಿಯುವ ಮುಂಚೆ ಹತ್ತಿ ಕೂತಿದ್ದೆ. ಮೊಪೆಡ್ಡಿನಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ ಎಂಬುದು ತಿರುವಿಗೆ ಬಂದಾಗ ಹೊಳೆಯಿತು. ತಿರುಗಿ ನೋಡಿದೆ. ಸುಜಾತ ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬಳೇ ನಡೆದು ಬರುತ್ತಿದ್ದಳು. ಅವಳ ಪಕ್ಕದಲ್ಲಿ ಆಗಲೇ ಒಂದು ಸ್ಕೂಟರ್ ಬಂದು ನಿಂತಿತ್ತು.