ಬೆಳೆಯದ ತಂಗಿ

ನನಗೊಂದು ಕೆಟ್ಟ ಚಟವಿದೆ. ಹೇಳಿದ ಕೆಲಸವನ್ನು ಸರಿಯಾಗಿ ಮಾಡುತ್ತೇನೆ. ಕುಡಿತ, ಇಸ್ಪೀಟು ಇಂಥವಾದರೆ ಮನೆಯವರು ಬುದ್ಧಿ ಹೇಳುತ್ತಾರೆ, ಒಂದಲ್ಲ ಒಂದು ದಿನ ಬಿಡಿಸುವವರು ಸಿಗುತ್ತಾರೆ. ಈ ಚಟಕ್ಕೆ ಮಾತ್ರ ಎಲ್ಲರೂ ಶಭಾಷ್ ಎಂದು ಇನ್ನಷ್ಟು ಕೆಲಸ ಕೊಡುತ್ತಾರೆ. ಇದನ್ನು ರೋಗವೆಂದು ಗುರುತಿಸಿದ್ದವಳು ನನ್ನ ಹೆಂಡತಿ ಒಬ್ಬಳೇ. ಉಪ್ಪಿಟ್ಟಿನ ನೀರನ್ನು ನಾನು ಲೋಟ ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆಯುವಾಗ, "ರೀ, ಅದು ಉಪ್ಪಿಟ್ಟು, ಕಣ್ಣಿನ ಔಷಧಿ ಅಲ್ಲ" ಎನ್ನುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಬಂಗಾರಪೇಟೆಯ ಮನೆಯಲ್ಲಿ ಈಗ ನನಗೆ ಎದುರಾಡುವುದು ಕುಕ್ಕರ್ ಒಂದೇ. ಅದನ್ನೂ ಮೂರನೆಯ ಕೂಗಿಗೆ ನಿಲ್ಲಿಸಿಬಿಡುತ್ತೇನೆ. ಕೆಲವು ದಿನ ನಾಲ್ಕನೆಯದಕ್ಕೂ ಬಿಡುತ್ತೇನೆ, ಬೇಳೆಗಾಗಿ ಅಲ್ಲ.

ಕೆಲಸ ಕೆ.ಜಿ.ಎಫ್.ನ ಒಂದು ಶಾಲೆಯಲ್ಲಿ, ಲೈಬ್ರರಿಯನ್. ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಊರಿಗೆ ಊರೇ ಬೆಂಗಳೂರಿನ ರೈಲಿಗೆ ನುಗ್ಗುತ್ತಿರುವಾಗ ನಾನು ಇನ್ನೊಂದು ಪ್ಲಾಟ್‌ಫಾರಂನಲ್ಲಿ, ಹೆಚ್ಚುಕಡಿಮೆ ಖಾಲಿ ಡಬ್ಬಿಯೊಂದರಲ್ಲಿ, ಯಾವ ಕಿಟಕಿ ಒಳ್ಳೆಯದೆಂದು ಯೋಚಿಸುತ್ತಿರುತ್ತೇನೆ. ಲೈಬ್ರರಿ ಇರುವುದು ಸೈಕಲ್ ಸ್ಟ್ಯಾಂಡಿನ ಆಚೆ, ಕೊನೆಯ ಕೋಣೆ. ಕಿಟಕಿಯಿಂದ ಗಣಿಯ ಬಿಳಿ ಮಣ್ಣಿನ ದಿಬ್ಬ ಕಾಣುತ್ತದೆ. ಗಾಳಿ ಎದ್ದ ದಿನ ಅದು ಒಳಗೂ ಬಂದು ಪುಸ್ತಕಗಳ ಮೇಲೆ ಕೂರುತ್ತದೆ. ಪೀರಿಯಡ್ಡಿನ ಮಕ್ಕಳನ್ನು ಬಿಟ್ಟರೆ ಅಲ್ಲಿಗೆ ತಪ್ಪದೆ ಬರುವುದು ಆ ದೂಳು, ಮತ್ತು ಅದನ್ನು ಗುಡಿಸುವ ಮುನಿಯಮ್ಮ.

ಜುಲೈನಲ್ಲಿ ಒಂದು ದಿನ ಹೆಡ್ ಮಿಸ್ ಕರೆಸಿದರು. "ಸಾರ್, ಇನ್‌ಸ್ಪೆಕ್ಷನ್ ಬರ್ತಾ ಇದೆ. ಯಾವ ವಯಸ್ಸಿನ ಮಕ್ಕಳು ಯಾವ ಪುಸ್ತಕ ಓದ್ಬೇಕು ಅಂತ ಒಂದು ಚಾರ್ಟ್ ಬರೆದು ಗೋಡೆಗೆ ಹಾಕಿಬಿಡಿ. ಚೆನ್ನಾಗಿ ಕಾಣ್ಬೇಕು, ಅಷ್ಟೆ" ಎಂದರು. ಬೇರೆ ಯಾರಾದರೂ ಆ 'ಅಷ್ಟೆ' ಎಂಬ ಮಾತನ್ನು ಹಿಡಿದುಕೊಂಡು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ನಾನು ಲೈಬ್ರರಿಯ ಕನ್ನಡ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಓದಲು ಕುಳಿತೆ. ರೈಲಿನಲ್ಲಿ ಓದಿದೆ. ಸಾರು ಕುದಿಯುವಾಗ ಓದಿದೆ. ಮನೆಗೆ ಬೇಗ ಹೋಗಬೇಕೆಂಬ ಅವಸರ ಇಲ್ಲದವನಿಗೆ ಎಷ್ಟು ಓದಲು ಸಾಧ್ಯವೆಂದು ಆಗ ತಿಳಿಯಿತು.

ವಯಸ್ಸು ವಿಂಗಡಿಸುವುದಕ್ಕೆ ಒಂದು ನಿಯಮ ಬೇಕಲ್ಲ. ಅಕ್ಷರದ ಗಾತ್ರ, ಚಿತ್ರಗಳ ಸಂಖ್ಯೆ ಎಲ್ಲ ಅಳೆದೆ. ಯಾವುದೂ ಹೊಂದಲಿಲ್ಲ. ಕೊನೆಗೆ ಕಥೆಯಲ್ಲಿ ಯಾರು ಸಾಯುತ್ತಾರೆ ಎಂಬುದರ ಮೇಲೆ ನಿರ್ಧರಿಸಿದೆ. ಆರರಿಂದ ಎಂಟು ವರ್ಷದವರ ಪುಸ್ತಕದಲ್ಲಿ ಯಾರೂ ಸಾಯಕೂಡದು. ಒಂಬತ್ತರಿಂದ ಹನ್ನೊಂದರವರಿಗೆ ಮುದಿ ಪ್ರಾಣಿಗಳು ಸಾಯಬಹುದು. ಹನ್ನೆರಡರಿಂದ ಹದಿನಾಲ್ಕರವರಿಗೆ ದೂರದ ನೆಂಟರು. ಹದಿನೈದು ದಾಟಿದ ಮೇಲೆ ಯಾರು ಬೇಕಾದರೂ. ಐವತ್ತು ದಾಟಿದವರಿಗೆ ಮತ್ತೆ ಯಾರೂ ಸಾಯದ ಪುಸ್ತಕಗಳೇ ಒಳ್ಳೆಯದೆಂದು ಒಂದು ಸಾಲು ಸೇರಿಸುವ ಮನಸ್ಸಾಯಿತು, ಆದರೆ ಶಾಲೆಯಲ್ಲಿ ಆ ವಯಸ್ಸಿನ ಮಕ್ಕಳಿಲ್ಲ.

ಚಾರ್ಟಿಗೇ ನಿಂತಿದ್ದರೆ ಈ ಬರಹಕ್ಕೆ ಅವಕಾಶವಿರುತ್ತಿರಲಿಲ್ಲ. ಗೋಡೆಯ ಮೇಲಿರುವುದು ಬೀರುವಿನಲ್ಲೂ ಕಾಣಬೇಕಲ್ಲ ಎನಿಸಿತು. ಸ್ಟೇಷನ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರಿಗೆ ಸುತ್ತುವ ಟೇಪು ನಾಲ್ಕು ಬಣ್ಣದಲ್ಲಿ ತಂದೆ. ಚಿಕ್ಕವರಿಗೆ ಹಸಿರು, ನಂತರ ಹಳದಿ, ನಂತರ ಕೆಂಪು, ದೊಡ್ಡವರಿಗೆ ನೀಲಿ. ಪ್ರತಿ ಪುಸ್ತಕದ ಬೆನ್ನಿಗೂ ಅಂಟಿಸಿದೆ. ಮುನಿಯಮ್ಮ ಕಸಪೊರಕೆ ಹಿಡಿದು ನಿಂತು ನೋಡಿದಳು. ಅವಳದು ಕಾಮಸಮುದ್ರದ ಕಡೆಯ ಹಳ್ಳಿ, ಮನೆಯಲ್ಲಿ ಕುರಿಗಳಿವೆ.

"ಏನ್ ಸಾರ್ ಇದು? ನಮ್ಮೂರಲ್ಲಿ ಕುರಿಗೆ ಇಂಗೇ ಬಣ್ಣ ಅಚ್ತಾರೆ."

"ಯಾವುದು ಯಾರದು ಅಂತ ಗೊತ್ತಾಗಬೇಕಲ್ಲ ಮುನಿಯಮ್ಮ."

"ಊಂ, ಅದಕ್ಕೇಯ. ಬಣ್ಣ ಅಚ್ಚಿದ್ ಮೇಲೆ ಅದು ಬೇರೆ ಮಂದೇಲಿ ಮೇಯಂಗಿಲ್ಲ" ಎಂದು ಹೇಳಿ ಗುಡಿಸಲು ಹೋದಳು. ಅವಳು ಹೊಗಳಿದಳೆಂದೇ ನಾನು ತಿಳಿದೆ.

ಇಲ್ಲಿ ನಮ್ಮ ಲೈಬ್ರರಿಯ ಒಂದು ಪದ್ಧತಿಯನ್ನು ಹೇಳಬೇಕು. ಈ ಊರಿನ ಮಕ್ಕಳಲ್ಲಿ ಬಹಳ ಮಂದಿಯ ಮನೆಮಾತು ತಮಿಳು ಅಥವಾ ತೆಲುಗು. ಶಾಲೆಯ ಪಾಠ ಇಂಗ್ಲಿಷಿನಲ್ಲಿ, ಕನ್ನಡ ಒಂದು ವಿಷಯ. ಕನ್ನಡ ಮಾತಾಡಲು ಎಲ್ಲರಿಗೂ ಬರುತ್ತದೆ, ಓದು ಮಾತ್ರ ಹಿಂದೆ ಬೀಳುತ್ತದೆ. ಆದ್ದರಿಂದ ಎಂಟನೆಯ, ಒಂಬತ್ತನೆಯ ತರಗತಿಯವರು ದಪ್ಪಕ್ಷರದ ಪುಸ್ತಕಗಳನ್ನು ಎತ್ತಿಕೊಂಡು ಬಂದು, "ತಮ್ಮನಿಗೆ ಸಾರ್", "ಅಕ್ಕನ ಪಾಪುಗೆ ಸಾರ್" ಎಂದು ಬರೆಸುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಎಷ್ಟು ವಯಸ್ಸೆಂದೂ ಕೇಳಿ ಬರೆಯುತ್ತಿದ್ದೆ. ನನಗೆ ಸ್ವಲ್ಪವೂ ಅನುಮಾನ ಬರಲಿಲ್ಲ. ಈ ಊರಿನ ದೊಡ್ಡ ಮಕ್ಕಳಿಗೆ ಚಿಕ್ಕವರ ಮೇಲೆ ಎಷ್ಟು ಪ್ರೀತಿ ಎಂದು ಬಂಗಾರಪೇಟೆಯವರೆಗೂ ಸಂತೋಷಪಟ್ಟುಕೊಂಡು ಹೋಗುತ್ತಿದ್ದೆ.

ಇನ್ನು ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ಟೇಪು ಅಂಟಿಸಿದ ಮಾರನೆಯ ವಾರ, ಮಂಗಳವಾರ, ಊಟದ ನಂತರದ ಪೀರಿಯಡ್ಡು, ಹತ್ತನೆಯ ತರಗತಿ. ಸ್ಟೆಲ್ಲಾ ಎಂಬ ಹುಡುಗಿ ಮರಿಯಾನೆಯ ಚಿತ್ರವಿದ್ದ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಬೆನ್ನಿನ ಹಸಿರು ಟೇಪನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. ಇದನ್ನು ನಾನು ಆಗಲೇ ಗಮನಿಸಿದ್ದೆ, ಅರ್ಥ ಮಾಡಿಕೊಳ್ಳಲಿಲ್ಲ. ಹಿಂದಿನ ಬೆಂಚಿನ ರೋಸಿ ಮಾತ್ರ ಅರ್ಥ ಮಾಡಿಕೊಂಡಳು. "ಏಯ್, ಗ್ರೀನ್ ಕಲರ್! ಪಾಪಾ, ಹಾಲು ಬಾಟ್ಲು ತರ್ಲಾ?" ಎಂದಳು. ಎಲ್ಲರೂ ನಕ್ಕರು.

"ತಂಗಿಗೆ ಸಾರ್" ಎಂದಳು ಸ್ಟೆಲ್ಲಾ.

ನಾನು ಪೆನ್ನು ಎತ್ತಿಕೊಂಡೆ. "ವಯಸ್ಸು?"

"ಆರು ಸಾರ್."

ಹಳೆಯ ರಿಜಿಸ್ಟರು ಪಕ್ಕದಲ್ಲೇ ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು. ಪುಟ ತಿರುಗಿಸಿದೆ. "ನೀನು ಎಂಟನೇ ಕ್ಲಾಸಲ್ಲಿದ್ದಾಗಲೂ ತಂಗಿಗೆ ಆರು ಅಂತಲೇ ಬರೆಸಿದ್ದೀಯಲ್ಲಮ್ಮ?" ಎಂದೆ. ದಾಖಲೆ ಸರಿಯಿರಲಿ ಎಂಬುದನ್ನು ಬಿಟ್ಟರೆ ಬೇರೆ ಉದ್ದೇಶವಿರಲಿಲ್ಲ.

ಸ್ಟೆಲ್ಲಾ ಸ್ವಲ್ಪ ಯೋಚಿಸಿ, "ಬೆಳೀಲಿಲ್ಲ ಸಾರ್" ಎಂದಳು.

ತರಗತಿ ಬೆಂಚು ಬಡಿದು ನಕ್ಕಿತು. ತಪ್ಪೊಪ್ಪಿಕೊಳ್ಳುತ್ತೇನೆ, ನಾನೂ ನಕ್ಕೆ. ಅವಳು ಎಲ್ಲರ ನಗು ನಿಲ್ಲುವವರೆಗೆ ಕಾದಳು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಳ್ಳಿ, "ನಂಗೆ ತಂಗಿನೇ ಇಲ್ಲ ಸಾರ್" ಎಂದು ಮೆಲ್ಲಗೆ ಹೇಳಿ ಹೋಗಿ ಕುಳಿತಳು. ನಾನು ಬರೆದಿದ್ದ 'ಆರು' ಎಂಬುದನ್ನು ಏನು ಮಾಡಬೇಕೆಂದು ತೋಚದೆ ಅದರ ಮೇಲೆಯೇ ಪೆನ್ನು ಇಟ್ಟುಕೊಂಡು ಕುಳಿತಿದ್ದೆ. ಅಲ್ಲಿ ಈಗಲೂ ಒಂದು ಮಸಿಯ ಚುಕ್ಕೆ ಇದೆ.

ಮುಂದಿನ ಮಂಗಳವಾರ ಅವಳು ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಮ್ಮಂದಿರು, ಅಕ್ಕನ ಪಾಪುಗಳು ಎಲ್ಲರೂ ಒಟ್ಟಿಗೆ ಓದು ನಿಲ್ಲಿಸಿಬಿಟ್ಟರು. ಮೂರನೆಯ ವಾರ ಹೆಡ್ ಮಿಸ್ ತಾವಾಗಿಯೇ ವಿಷಯ ತೆಗೆದರು. ಹತ್ತನೆಯವರಿಗೆ ಕನ್ನಡ ಪಾಠ ಮಾಡುವುದು ಅವರೇ.

"ಆ ಸ್ಟೆಲ್ಲಾ ಇದಾಳಲ್ಲ ಸಾರ್, ಏಳನೆಯವರೆಗೂ ತಿರುಪ್ಪೂರಲ್ಲಿ ತಮಿಳು ಮೀಡಿಯಂ. ಎಂಟಕ್ಕೆ ಅಜ್ಜಿ ಮನೆ ಅಂತ ಇಲ್ಲಿಗೆ ಬಂದಾಗ 'ಅ' ಬರೆಯೋಕೂ ಬರ್ತಿರ್ಲಿಲ್ಲ. ಅದೆಲ್ಲಿ ಓದಿಕೊಂಡ್ಳೋ, ಹೇಗೋ ದಡ ಹತ್ತೋ ಹಾಗಿದ್ಳು. ಈಗ ನೋಡಿದ್ರೆ, ಓದು ಅಂದ್ರೆ ಎದ್ದು ನಿಂತು ಸುಮ್ನಿರ್ತಾಳೆ. ಮಾರ್ಚಿನಲ್ಲಿ ಕನ್ನಡ ಹೋದ್ರೆ ಓದು ಬಿಡಿಸಿ ತಿರುಪ್ಪೂರಿಗೇ ಕಳಿಸ್ತಾರಂತೆ, ಬನಿಯನ್ ಕಂಪನಿಗೆ. ಅವಳ ಅಜ್ಜಿನೇ ಬಂದು ಅತ್ಕೊಂಡು ಹೇಳಿದ್ರು."

ಅದೆಲ್ಲಿ ಓದಿಕೊಂಡಳೆಂದು ನನಗೆ ಗೊತ್ತಿತ್ತು. ಲೈಬ್ರರಿಗೆ ಬಂದು ಹಳೆಯ ರಿಜಿಸ್ಟರಿನಲ್ಲಿ ಎಣಿಸಿದೆ. ಆ ಇಲ್ಲದ ತಂಗಿ ಎರಡು ವರ್ಷದಲ್ಲಿ ಐವತ್ತೆಂಟು ಪುಸ್ತಕ ಓದಿದ್ದಳು. ಒಂದನ್ನೂ ತಡವಾಗಿ ತಂದಿರಲಿಲ್ಲ. ನನ್ನ ಲೈಬ್ರರಿಗೆ ಅಂಥ ಓದುಗಾರ್ತಿ ಇನ್ನೊಬ್ಬಳಿರಲಿಲ್ಲ, ಅವಳನ್ನು ನಾನೇ ಇಲ್ಲವಾಗಿಸಿದ್ದೆ. ಆ ಸಂಜೆ ರೈಲಿನಲ್ಲಿ ಕಿಟಕಿ ಆರಿಸದೆ, ಸಿಕ್ಕಲ್ಲಿ ಕುಳಿತೆ.

ಮರುದಿನವೇ ಹಸಿರು ಟೇಪು ಕೀಳತೊಡಗಿದೆ. ಒಳ್ಳೆಯ ಟೇಪು. ಅಂಗಡಿಯವನು, "ಪ್ರಾಣ ಹೋದ್ರೂ ಬಿಡಲ್ಲ ಸಾರ್" ಎಂದದ್ದು ಸುಳ್ಳಲ್ಲ. ಎಳೆದಾಗ ಪುಸ್ತಕದ ಹೆಸರನ್ನೂ ಕಿತ್ತುಕೊಂಡೇ ಬಂತು. ಮಧ್ಯಾಹ್ನದ ಹೊತ್ತಿಗೆ ಒಂದು ಬೀರು ತುಂಬ ಹೆಸರಿಲ್ಲದ ಬೋಳು ಬೆನ್ನುಗಳು. ಮುನಿಯಮ್ಮ ಬಂದು ನೋಡಿ, "ಬೋಳಾಗಿರೋದೆಲ್ಲ ಚಿಕ್ಕೋರ್ದು ಅಂತ ಈಗ ಇನ್ನೂ ದೂರದಿಂದ್ಲೇ ಗೊತ್ತಾಯ್ತದಲ್ಲ ಸಾರ್" ಎಂದಳು. ಅದೂ ನಿಜವೇ. ಆದ್ದರಿಂದ ಕೆಂಪನ್ನೂ ಕಿತ್ತೆ. ಎರಡನ್ನೂ ಒಂದರೊಳಗೊಂದು ಬೆರೆಸಿಟ್ಟೆ. ಇನ್ನು ಒಳಗೆ ತೆರೆದು ನೋಡದೆ ಯಾವುದು ಯಾವುದೆಂದು ನನಗೂ ತಿಳಿಯುವಂತಿರಲಿಲ್ಲ.

ಇನ್‌ಸ್ಪೆಕ್ಷನ್ನಿನವರು ಆ ವಾರವೇ ಬಂದರು. ಹೆಡ್ ಮಿಸ್ ಬೀರುಗಳಿಗೆ ಬೆನ್ನು ಕೊಟ್ಟು, ಸೆರಗು ಅಗಲ ಮಾಡಿಕೊಂಡು ನಿಂತಿದ್ದರು. ಬಂದವರು ಗೋಡೆಯ ಚಾರ್ಟನ್ನು ಓದಿ, ಬಹಳ ವೈಜ್ಞಾನಿಕವಾಗಿದೆ ಎಂದು ಹೊಗಳಿ, ಅದರ ಫೋಟೋ ತೆಗೆದುಕೊಂಡು ಹೋದರು. ಪುಸ್ತಕವನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಹಾಕಿದೆ: 'ಪುಸ್ತಕಗಳ ಬೆನ್ನಿಗೆ ಹೆಸರು ಬರೆದು ಅಂಟಿಸಲು ಅಕ್ಷರ ಚೆನ್ನಾಗಿರುವವರು ಬೇಕಾಗಿದ್ದಾರೆ. ಎಲ್ಲ ತರಗತಿಯವರೂ ಬರಬಹುದು.' ನಾಲ್ಕು ದಿನ ಯಾರೂ ಬರಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ತೆರೆದಿಟ್ಟುಕೊಂಡು ಬಾಗಿಲು ನೋಡುತ್ತಿದ್ದೆ. ಐದನೆಯ ದಿನ ಬಾಗಿಲಲ್ಲಿ ಸ್ಟೆಲ್ಲಾ ನಿಂತಿದ್ದಳು. ಒಳಗೆ ಬರಲಿಲ್ಲ.

"ಅಕ್ಷರ ಚೆನ್ನಾಗಿದ್ರೆ ಸಾಕಾ ಸಾರ್? ಓದಕ್ಕೂ ಬರ್ಬೇಕಾ?"

"ಅಕ್ಷರ ಸಾಕಮ್ಮ. ಒಳಗಿರೋ ಹೆಸರು ನೋಡಿಕೊಂಡು ಬರೆಯೋದು."

ಅವಳ ಅಕ್ಷರ ನಿಜಕ್ಕೂ ಚೆಂದ. ಹದಿಮೂರು ವರ್ಷಕ್ಕೆ ಕಲಿತದ್ದರಿಂದ ಪ್ರತಿಯೊಂದನ್ನೂ ರಂಗೋಲಿ ಎಳೆದಂತೆ ಎಳೆಯುತ್ತಾಳೆ. ಮೊದಲ ದಿನ ಮೂರು ಪುಸ್ತಕ ಆಯಿತು. ನಾನು ನನ್ನ ಅನ್ನವನ್ನೇ ನೋಡುತ್ತ, "ಅವತ್ತು ನಾನು ಹಾಗೆ ಕೇಳಬಾರದಿತ್ತು" ಎಂದೆ. ಅವಳು ತಲೆಯೆತ್ತದೆ, "ನಂದೇ ತಪ್ಪು ಸಾರ್. ಎರಡು ವರ್ಷಕ್ಕೆ ಒಂದ್ ಬರ್ತ್‌ಡೇ ಆದ್ರೂ ಮಾಡ್ಬೇಕಿತ್ತು ಅವಳಿಗೆ. ಮರ್ತೇ ಹೋಯ್ತು" ಎಂದಳು. ಇಬ್ಬರೂ ನಕ್ಕೆವು.

ದಿನವೂ ಬಂದಳು. ಹೆಸರು ಬರೆಯುವ ಮೊದಲು ಒಂದು ಸಲ ಗಟ್ಟಿಯಾಗಿ ಹೇಳಿಕೊಳ್ಳತೊಡಗಿದಳು. ಆಮೇಲೆ ಮೊದಲ ಪುಟ. ಅಕ್ಟೋಬರಿನಲ್ಲಿ ಒಂದು ದಿನ ಬಹಳ ಹೊತ್ತು ಸದ್ದೇ ಇಲ್ಲದ್ದರಿಂದ ತಿರುಗಿ ನೋಡಿದೆ. ಪೆನ್ನಿನ ಮುಚ್ಚಳ ಹಾಕಿತ್ತು. ಅವಳು ನಲವತ್ತನೆಯ ಪುಟದಲ್ಲಿದ್ದಳು. ಅದು ಮೊದಲು ಕೆಂಪು ಟೇಪಿದ್ದ ಪುಸ್ತಕ, ಕೊನೆಗೆ ದೂರದ ಸಂಬಂಧದ ಮಾವನೊಬ್ಬ ಸಾಯುತ್ತಾನೆ. ನಾನು ಡಬ್ಬಿಯ ಮುಚ್ಚಳವನ್ನೂ ಸದ್ದಾಗದಂತೆ ಹಾಕಿದೆ. ಗಂಟೆ ಹೊಡೆದಾಗ ಅವಳು ಕಣ್ಣೊರೆಸಿಕೊಂಡು, "ಇದು ನಂಗೆ ಸಾರ್, ಬರ್ಕೊಳ್ಳಿ" ಎಂದಳು. ಬರೆದುಕೊಂಡೆ. ವಯಸ್ಸು ಕೇಳಲಿಲ್ಲ.

ಆಮೇಲೆ ಕೆಲಸಕ್ಕೆ ರೋಸಿಯೂ ಬಂದಳು. ಬಂದವಳಿಗೆ ಸ್ಟೆಲ್ಲಾಳೇ ಮೇಷ್ಟ್ರು. "ಏಯ್, ಇಷ್ಟು ಸೊಟ್ಟ ಬರೆದ್ರೆ ಸಾರ್ ಸಂಬಳ ಕೊಡಲ್ಲ ನಿಂಗೆ." "ನಿಂಗೆಷ್ಟು ಕೊಡ್ತಾರೆ?" "ನಂಗೆ ಉಪ್ಪಿನಕಾಯಿ." ನಾನು ಡಬ್ಬಿಯಲ್ಲಿ ಉಪ್ಪಿನಕಾಯಿಯನ್ನು ಮೂರು ಪಾಲಿಗಾಗುವಷ್ಟು ತರತೊಡಗಿದ್ದೆ. ಅಳೆದಲ್ಲ, ಅಂದಾಜಿಗೆ. ಹೆಡ್ ಮಿಸ್ ಒಂದು ದಿನ ಬಾಗಿಲಲ್ಲಿ ನಿಂತು, "ಸ್ಟೆಲ್ಲಾ ಪಾಠ ಓದಿದ್ಳು ಸಾರ್ ಇವತ್ತು, ಒಂದು ಪುಟ ಪೂರ್ತಿ" ಎಂದು ಹೇಳಿ ಹೋದರು.

ನವೆಂಬರಿನ ಒಂದು ಶುಕ್ರವಾರ ನೋಡಿದರೆ ಹೆಸರು ಬರೆಯಲು ಉಳಿದದ್ದು ನಾಲ್ಕೇ ಪುಸ್ತಕ. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳು. ಕೆಲಸ ಮುಗಿದ ಮೇಲೂ ಅವಳು ಓದಲು ಬರುತ್ತಾಳೆಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಕುಳಿತು ಹಳದಿ ಟೇಪನ್ನು ಕೀಳತೊಡಗಿದೆ. ಹಳದಿಯ ಬಗ್ಗೆ ಯಾರೂ ದೂರು ಹೇಳಿರಲಿಲ್ಲ.

ಮುನಿಯಮ್ಮ ಬೀಗದ ಕೈ ಹಿಡಿದು ಬಂದವಳು ನಿಂತಳು. "ಅದೇನ್ ಮಾಡ್ತು ಸಾರ್ ನಿಮ್ಗೆ?"

"ಸಡಿಲ ಆಗಿತ್ತು ಮುನಿಯಮ್ಮ" ಎಂದೆ. ಉಗುರಿನ ಸಂದಿಯಲ್ಲಿ ರಕ್ತ ಬರುವಷ್ಟು ಗಟ್ಟಿಯಾಗಿತ್ತು.

ಅವಳು ನನ್ನ ಬೆರಳನ್ನು ನೋಡಿದಳು. "ಊಂ, ಸಡ್ಲ ಆಗ್ಯದೆ ಬಿಡಿ" ಎಂದು ಪಕ್ಕದಲ್ಲಿ ಕುಳಿತು ತಾನೂ ಒಂದು ಪುಸ್ತಕ ಎತ್ತಿಕೊಂಡಳು. ಹೊರಡುವಾಗ, "ನೀಲಿ ಮುಟ್ಬೇಡಿ. ಸಂಕ್ರಾಂತಿ ಆದ್ ಮೇಲೆ ಬೇಕಾಯ್ತದೆ" ಎಂದಳು.

ಸೋಮವಾರ ಸ್ಟೆಲ್ಲಾ ಬಂದು ಬೀರು ತೆರೆದಳು. ಸಾಲಾಗಿ ಬೋಳು ಬೆನ್ನುಗಳು.

"ಇದೇನ್ ಸಾರ್?"

"ಟೇಪು ಸಡಿಲ ಆಗಿತ್ತಮ್ಮ."

"ಎಲ್ಲಾದ್ರದ್ದೂನಾ ಸಾರ್? ಒಂದೇ ಸಲ?"

ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು ಸುತ್ತಿತ್ತು. ಅವಳು ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಅವಳ ವಯಸ್ಸಿನಲ್ಲಿ ನಾನಾಗಿದ್ದರೆ ಖಂಡಿತ ಕೇಳುತ್ತಿದ್ದೆ, ಅವತ್ತು ಐವತ್ತೇಳರ ವಯಸ್ಸಿನಲ್ಲೂ ಕೇಳಿದ್ದೆ. ಸ್ಟೆಲ್ಲಾ ನನ್ನನ್ನು ಒಂದು ಕ್ಷಣ ನೋಡಿದಳು, ಆಮೇಲೆ ಪೆನ್ನಿನ ಮುಚ್ಚಳ ತೆಗೆದಳು.

"ಆಯ್ತು ಸಾರ್" ಎಂದಳು. "ನಿಧಾನಕ್ಕೆ ಮಾಡೋಣ."