ಗಾಲಿ ನೆನಪು ಮಾಡುವ ನೌಕರಿ

ಕೆಲವರ ನೌಕರಿಯನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಮಾಸ್ತರ, ತಲಾಟಿ, ಕಂಪೌಂಡರ್. ನನ್ನದು ಹಾಗಲ್ಲ. ಅದನ್ನು ವಿವರಿಸಲು ಬಾಯಿ ತೆರೆದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಾನು ದೂರದ ಊರಿನ ವಿಮಾನ ತರಬೇತಿ ಶಾಲೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಮೇಲೇರಿದ ವಿಮಾನ ಗಾಲಿಗಳನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತದೆ. ಇಳಿಯುವ ಮುಂಚೆ ಪೈಲಟ್ ಅವನ್ನು ಹೊರಗೆ ಬಿಡಬೇಕು. ಮರೆತನೋ, ವಿಮಾನ ರನ್‌ವೇ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುತ್ತದೆ. ಹಾಗಾಗದಿರಲೆಂದು ಅವನ ಹತ್ತಿರವೇ ಒಂದು ಹಾರ್ನ್ ಇರುತ್ತದೆ. ಗಾಲಿ ಬಿಡದೆ ವೇಗ ಇಳಿಸಿದರೆ ‘ಪೀಂ’ ಎಂದು ಬಡಿದುಕೊಳ್ಳುತ್ತದೆ. ಅದು ಸರಿಯಾಗಿ ಕೂಗುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ.

೧. ಅವ್ವನ ಪ್ರಚಾರ

ರಜೆಗೆ ಸವಣೂರಿಗೆ ಬಂದರೆ ಅವ್ವ ಆಗಲೇ ಓಣಿಗೆಲ್ಲ ಸಾರಿಬಿಟ್ಟಿದ್ದಳು: “ನನ್ನ ಮಗಾ ಇಮಾನದಾಗಿನ ಹಾರ್ನ್ ನೋಡ್ಕೋತಾನ.”

ವೀಳ್ಯದೆಲೆ ಮಾರುವ ಚಾಚಾ ನನ್ನನ್ನು ಅಂಗಡಿಗೆ ಕರೆದು ಕೇಳಿದರು: “ಆಕಾಶದಾಗ ಎಮ್ಮಿ ಅಡ್ಡ ಬರ್ತಾವೇನಪಾ?”

ಗಾಲಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಚಾಚಾ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡರು.

“ಗಾಲಿ ಮರಿಯೋ ಮನಶ್ಯಾನ ಕೈಯಾಗ ಇಮಾನ ಕೊಟ್ಟಾರ? ನಾ ನನ್ನ ಸೈಕಲ್ಲೂ ಕೊಡೂದಿಲ್ಲ ತಗೋ.”

೨. ಹೆಣ್ಣು ನೋಡಿದ್ದು

ಅದೇ ರಜೆಯಲ್ಲಿ ಅವ್ವ ನನ್ನನ್ನು ಹಿರೇಕೆರೂರಿಗೆ ಹೆಣ್ಣು ನೋಡಲು ಕರೆದೊಯ್ದಳು. ಹುಡುಗಿ ಅವಲಕ್ಕಿಯ ತಟ್ಟೆ ಇಟ್ಟು, ಒಮ್ಮೆ ನನ್ನನ್ನು ನೋಡಿ ನಕ್ಕು ಒಳಗೆ ಹೋದಳು. ನನ್ನ ಮಟ್ಟಿಗೆ ಅಲ್ಲಿಗೇ ಎಲ್ಲ ನಿಕ್ಕಿಯಾಯಿತು. ಆದರೆ ಅವಳ ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ಮೂವತ್ತು ವರ್ಷದಲ್ಲಿ ಒಂದು ಕೋಳಿಯ ಮೇಲೂ ಗಾಲಿ ಹಾಯಿಸಿದವರಲ್ಲ. ನನ್ನ ನೌಕರಿ ಏನೆಂದು ಕೇಳಿದರು, ಹೇಳಿದೆ.

“ಹಾರ್ನ್ ಒದರಿದ ಮ್ಯಾಲೆ ನೆನಪು ಮಾಡ್ಕೊಳ್ಳಾವ ಎಂಥಾ ಡ್ರೈವರ್ರಿ ಅವ?” ಎಂದರು.

“ಮನಶ್ಯಾ ಅಂದಮ್ಯಾಗ ಮರೀತಾನ್ರಿ.”

“ನಾ ಇವತ್ತಿನತನಕ ಏನೂ ಮರ್ತಿಲ್ಲ.”

ಅವ್ವ ನನ್ನ ತೊಡೆ ಚಿವುಟಿದಳು. ಅವರು “ವಿಚಾರ ಮಾಡಿ ಹೇಳ್ತೇವ್ರಿ” ಎಂದರು. ಹೆಣ್ಣಿನವರ ಬಾಯಲ್ಲಿ ಈ ಮಾತು ಬಂದರೆ ಅರ್ಥವೇನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮನೆಗೆ ಬಂದ ಮೇಲೆ ಅವ್ವ ಹೇಳಿದಳು: “ಕಂಪೌಂಡರ್ ಅಂತ ಹೇಳಿದ್ರ ಏನ್ ಹೋಗ್ತಿತ್ತೋ ನಿಂದು?”

೩. ಹುರಳಿ ಹಾಸಿದ ರಸ್ತೆ

ರಜೆ ಮುಗಿಯಲು ನಾಲ್ಕೇ ದಿನ. ಹುಡುಗಿಯ ನಗು ತಲೆಯಿಂದ ಹೋಗಲೊಲ್ಲದು. ಅವಳಪ್ಪನ ಜೊತೆ ಒಬ್ಬನೇ ಮಾತಾಡೋಣವೆಂದು ರಟ್ಟೀಹಳ್ಳಿಗೆ ಹೋಗಿ, ಹಿರೇಕೆರೂರಿಗೆ ಹೊರಟ ಅವರ ಬಸ್ಸು ಹತ್ತಿ, ಅವರ ಬೆನ್ನ ಹಿಂದಿನ ಸೀಟು ಹಿಡಿದೆ. “ಕುಂದರ್ರಿ” ಎಂದರು, ಅಷ್ಟೇ.

ಮಾಸೂರು ದಾಟಿದ ಮೇಲೆ ರಸ್ತೆಯ ತುಂಬ ಹುರಳಿ ಬಳ್ಳಿ ಹಾಸಿತ್ತು. ಸುಗ್ಗಿಯಲ್ಲಿ ನಮಗೆ ಡಾಂಬರು ರಸ್ತೆಯೇ ಕಣ. ಹೋಗಿಬರುವ ಗಾಡಿಗಳ ಗಾಲಿಯೇ ಕಾಳು ಬಿಡಿಸಬೇಕು. ಮುದುಕಿಯೊಬ್ಬಳು ಕೋಲು ಅಡ್ಡ ಹಿಡಿದು ಬಸ್ಸು ನಿಲ್ಲಿಸಿದಳು. “ಎಡಗಡೀದು ಇನ್ನೂ ತುಳದಿಲ್ಲೋ ಯಪ್ಪಾ. ಒಂದೀಟು ಹಿಂದ ಹೋಗಿ ಆ ಕಡಿಂದ ಬಾ.”

ಅರವತ್ತು ಮಂದಿ ತುಂಬಿದ ಬಸ್ಸು ಹಿಂದೆ ಹೋಗಿ ಎಡಗಡೆಯಿಂದ ಬಂತು. ಆಕೆ ಮತ್ತೆ ಕೋಲು ಹಿಡಿದಳು. “ತಡಿ, ನನ್ನ ಹುರಳಿ ನಿನ್ನ ಗಾಲಿ ಹಿಡ್ಕೊಂಡು ಹೊಂಟೇತಿ.” ಡ್ರೈವರು ಹ್ಯಾಂಡ್‌ಬ್ರೇಕ್ ಎಳೆದು ನಿಂತರು. ಆಕೆ ಬಗ್ಗಿ ಕೈಗೆ ಸಿಕ್ಕಷ್ಟು ಬಳ್ಳಿ ಕಿತ್ತುಕೊಂಡಳು.

ಮಾತಿಗೆ ಇದೇ ಸಮಯವೆಂದು ನಾನು, “ಇಮಾನ ಇಳಿಯೋ ಮುಂಚೆ ನಾವು ರನ್‌ವೇ ಮ್ಯಾಲಿನ ಮಂದೀನೆಲ್ಲಾ ಓಡಸ್ತೇವ್ರಿ” ಎಂದೆ.

“ಹೌದಾ? ಇಳದು ಇಕೀನ್ನ ಓಡಿಸಿ ತೋರಸ್ರಿ” ಎಂದು ಬಸ್ಸು ಬಿಟ್ಟರು.

೪. ಪೀಂ

ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಯಾರೋ ಬೀಡಿ ಸೇದುವವನನ್ನು ಬೈದರು. ನಾನು ಬಗ್ಗಿ ನೋಡಿದರೆ ಹ್ಯಾಂಡ್‌ಬ್ರೇಕ್ ಎಳೆದದ್ದು ಎಳೆದ ಹಾಗೇ ಇದೆ. ಕೆಳಗೆ ಗಾಲಿಗೆ ಸುತ್ತಿ ಉಳಿದ ಒಣ ಬಳ್ಳಿ, ಕಾದ ಬ್ರೇಕು, ಮುಂದೆ ಇಳಿಜಾರು.

ಆ ಎಂಜಿನ್ ಸದ್ದಿನಲ್ಲಿ ಹೇಳಬೇಕೆಂದರೆ ಕೂಗಿಯೇ ಹೇಳಬೇಕು. ಏನೂ ಮರೆಯದ ಮನುಷ್ಯನ ಮಾನ ಅರವತ್ತು ಜನರೆದುರು ಹೋಗುತ್ತದೆ, ಜೊತೆಗೆ ನನ್ನ ಹುಡುಗಿಯೂ. ಸುಮ್ಮನಿದ್ದರೆ ಎಲ್ಲರೂ ಹೋಗುತ್ತೇವೆ. ಕೆಮ್ಮಿದೆ. ಜೋರಾಗಿ ಕೆಮ್ಮಿದೆ. ಕಂಡಕ್ಟರು ನೀರಿನ ತಂಬಿಗೆ ಕೊಟ್ಟ. ಇಳಿಜಾರು ಬಂದೇ ಬಿಟ್ಟಿತು. ಬೇರೆ ದಾರಿ ತೋಚದೆ ಅವರ ಕಿವಿಯ ಹತ್ತಿರ ಬಾಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಒದರಿದೆ: “ಪೀಂ... ಪೀಂ... ಪೀಂ...”

ಪಕ್ಕದ ಹೆಂಗಸು ಮಗುವನ್ನು ಎಳೆದುಕೊಂಡು ಆಚೆ ಸರಿದಳು. ಡ್ರೈವರ ಕೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಗಿ, ಅದನ್ನು ಸದ್ದಿಲ್ಲದೆ ಇಳಿಸಿತು. ಬಸ್ಸನ್ನು ಮೆಲ್ಲಗೆ ಬದಿಗೆ ಹಾಕಿದರು. ಅವರ ಕಿವಿಗಳು ಕೆಂಪಾಗಿದ್ದವು. ನನಗೆ ನಿಜವಾಗಿ ಅಯ್ಯೋ ಅನ್ನಿಸಿತು.

ಗಾಲಿ ಆರಲೆಂದು ಎಲ್ಲರೂ ಕೆಳಗಿಳಿದೆವು. ಕಂಡಕ್ಟರು ನನ್ನ ಕಡೆ ಕಣ್ಣು ಮಾಡಿ, ತಗ್ಗಿದ ದನಿಯಲ್ಲಿ ಡ್ರೈವರನ್ನು ಕೇಳಿದ: “ಇವರಿಗೆ ತಲಿ ನೆಟ್ಟಗ ಐತೇನ್ರಿ?”

ಡ್ರೈವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಹಂಗ ಅನಬ್ಯಾಡೋ, ನಮ್ಮ ಅಳಿಯಾರು ಅವರು. ಇಮಾನದಾಗ ಅವರ್ದು ಇದ ನೌಕರಿ.”